ಬೀದಿಯ ವಿಶ್ವಕೋಶ

ಬೀದಿಯವರೆಲ್ಲ ವಿಶ್ವಕೋಶ ಎಂದೇ ಕರೆಯುವ ಈ ಗಡಿಯಾರ ರಿಪೇರಿಯವರ ಕಣ್ಣು ಬಿಚ್ಚಿಟ್ಟ ವಾಚಿನ ಮೇಲೆ, ಕಿವಿ ರೇಡಿಯೋದ ರಸಪ್ರಶ್ನೆಯ ಮೇಲೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಅವರ ಬಾಯಿಂದ ಹೊರಬಿದ್ದಿರುತ್ತದೆ, ಸ್ಪರ್ಧಿ ತಡವರಿಸಿದರೆ, "ಅಯ್ಯೋ ಮಂಕೇ, ಇದೂ ಗೊತ್ತಿಲ್ವಾ?" ಎಂದು ರೇಡಿಯೋವನ್ನೇ ಗದರಿಸುತ್ತಾರೆ. ವಾಚು ಕೇಳಲು ಬಂದ ಗಿರಾಕಿಗೂ ಯಾವುದಾದರೊಂದು ದೇಶದ ರಾಜಧಾನಿ ಹೇಳದೆ ಬಿಡುಗಡೆಯಿಲ್ಲ. ಸಾಮಾನ್ಯ ಜ್ಞಾನದ ಹುಚ್ಚಿನವರ ಬಗ್ಗೆ ಕಾರ್ಯಕ್ರಮ ಮಾಡಲು ರೇಡಿಯೋದವರು ಹುಡುಕಿಕೊಂಡು ಬಂದಾಗ ಅವರು ಉಬ್ಬಿಹೋದರು. ಮನೆಯ ಪಡಸಾಲೆಯಲ್ಲಿ ಕೂತು ನದಿ, ಪರ್ವತ, ಗ್ರಹಗಳನ್ನೆಲ್ಲ ಪಟಪಟನೆ ಒಪ್ಪಿಸಿದರು. ಕೊನೆಗೆ ನಿರೂಪಕಿ ಗೋಡೆಯ ಮೇಲಿದ್ದ ಮಗಳ ಫೋಟೋ ನೋಡಿ, ಸುಮ್ಮನೆ ಮಾತಿಗೆಂದು, "ಮಗಳು ಏನು ಓದ್ತಿದ್ದಾಳೆ ಸರ್?" ಎಂದಳು. ಅವರು ಹೆಂಡತಿಯ ಮುಖ ನೋಡಿದರು. "ಓದು ಯಾವಾಗ್ಲೋ ಮುಗೀತಲ್ಲ, ಕೆಲಸಕ್ಕೆ ಹೋಗ್ತಿದ್ದಾಳೆ," ಎಂದು ಆಕೆ ತಗ್ಗಿದ ದನಿಯಲ್ಲಿ ಹೇಳಿದ್ದು ಮೈಕಿಗೆ ಚೆನ್ನಾಗಿಯೇ ಕೇಳಿಸಿತು. ಅದು ಪ್ರಸಾರವಾದ ದಿನ ಅವರು ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಕೂತರು. ಹೊರಗೆ ಯಾರು ನಕ್ಕರೂ ತಮ್ಮನ್ನು ಕಂಡೇ ನಕ್ಕರೆಂದು ಮುದುಡಿಹೋದರು. ಸಂಜೆ ಮಗಳು ಬಂದು ಚಪ್ಪಲಿ ಬಿಡುತ್ತಿದ್ದಾಗ ಎದುರು ಹೋಗಿ ನಿಂತು, ತಲೆ ಎತ್ತದೆ ಕೇಳಿದರು: "ದಿನಾ ಕೆಲಸಕ್ಕೆ ಯಾವ ಬಸ್ಸಲ್ಲಿ ಹೋಗ್ತೀಯಮ್ಮಾ?" "ಬಸ್ಸೆಲ್ಲಿ ಅಪ್ಪ, ನಡ್ಕೊಂಡೇ ಹೋಗ್ತೀನಿ," ಎಂದಳು ಮಗಳು. "ನಿಮ್ಮ ಅಂಗಡಿ ಮುಂದೇನೇ."