ಅವ್ವನ ಬಾಯಾಗಿನ ಮಿಶ್ರಿ

ನಾ ಮನಷಾರ ಮೈ ಕಲ್ತದ್ದು ಮೊಬೈಲಿನ್ಯಾಗ. ಚಿಕ್ಕೋಡಿಯೊಳಗ ನಾ ಓದಿದ ನರ್ಸಿಂಗ್ ಕಾಲೇಜಿನ್ಯಾಗ ಒಂದು ಪ್ಲಾಸ್ಟಿಕ್ ಗೊಂಬಿ ಇತ್ತು, ಅದರದೂ ಒಂದು ಕೈ ಮುರದಿತ್ತು. ದವಾಖಾನಿ ಡ್ಯೂಟಿಗೆ ಕಳಿಸಿದ್ರ ಚಾದರ ಬದಲಿ ಮಾಡೂದು, ಬಿ.ಪಿ. ಬರಿಯೂದು, ಅಷ್ಟ. ಪೇಶಂಟನ್ನ ಹ್ಯಾಂಗ ತಪಾಸಣಿ ಮಾಡಬೇಕ್ರಿ ಮೇಡಂ ಅಂತ ಕೇಳಿದ್ರ, "ಗ್ರೂಪಿಗೆ ವಿಡಿಯೋ ಹಾಕೇನಲ್ಲ, ನೋಡ್ಕೊಳ್ರಿ" ಅಂತಿದ್ರು.

ಕುಣೀಲಾರದಾಕಿ ಅಂಗಳ ಡೊಂಕು ಅಂದ್ಲಂತ. ನಾ ಹಂಗ ಅನ್ನಾಂಗಿಲ್ಲ. ವಿಡಿಯೋ ಚಲೋ ಇದ್ವು. ಹೊಟ್ಟಿ ಮುಟ್ಟಿ ಲಿವರ್ ಹುಡುಕೂದು, ಬೆನ್ನಿಗೆ ಬಟ್ಟು ಬಡದು ಎದಿಯಾಗ ನೀರ ತುಂಬೇತೇನು ನೋಡೂದು, ಅಪೆಂಡಿಕ್ಸ್ ತಗಿಯೂದು, ಎಲ್ಲಾ ಇತ್ತು. ನಮ್ಮೂರ ನಿಪ್ಪಾಣಿಯಿಂದ ಚಿಕ್ಕೋಡಿಗೆ ಹೋಗೂ ಬಸ್ಸಿನ್ಯಾಗ ನಿಂತ್ಕೊಂಡ ನೋಡ್ತಿದ್ನಿ. ಎರಡ ಪಟ್ಟು ಸ್ಪೀಡಿನ್ಯಾಗ. ಶುರುವಿನ ಎರಡ ಮಿನಿಟು ಯಾವತ್ತೂ ನೋಡಲಿಲ್ಲ. ನಮಸ್ಕಾರ ಹೇಳೂದು, ಹೆಸರ ಕೇಳೂದು, ಕೈ ತೊಳಿಯೂದು, ಅದರಾಗೇನು ಕಲಿಯೂದೈತಿ ಅಂತ ಹೆಬ್ಬಟ್ಟಿಲೆ ಮುಂದ ದೂಡ್ತಿದ್ನಿ. ನಾ ಭಾಳ ಶಾಣ್ಯಾಕಿ ಅನ್ನೂ ಸೊಕ್ಕು ಇತ್ತ ನನಗ.

ಅವ್ವ ಬೀಡಿ ಕಟ್ಟತಿದ್ಲು. ನಾ ಹುಟ್ಟೂಕ್ಕಿಂತ ಮೊದಲಿಂದ. ಮಡಿಲಾಗ ಮೊರ, ಮೊರದಾಗ ಎಲಿ, ತಂಬಾಕು, ದಾರ. ನಮ್ಮ ಓಣ್ಯಾಗ ಹೆಚ್ಚುಕಡಿಮಿ ಎಲ್ಲಾ ಮನ್ಯಾಗೂ ಹಂಗ. ಕೈ ಕೆಸರಾದ್ರ ಬಾಯಿ ಮೊಸರು ಅಂತಾರ. ಅವ್ವನ ಕೈಯಾಗೂ ತಂಬಾಕು, ಬಾಯಾಗೂ ತಂಬಾಕು. ಆದ್ರ ಬಾಯಾಗಿನದಕ್ಕ ನಾವು ತಂಬಾಕು ಅಂತಿದ್ದಿಲ್ಲ, ಮಿಶ್ರಿ ಅಂತಿದ್ವಿ. ತಂಬಾಕಿನ ಎಲಿ ಹಂಚಿನ ಮ್ಯಾಲ ಕರ್ರಗ ಆಗೂಮಟ ಹುರದು, ಪುಡಿ ಮಾಡಿ, ಸಣ್ಣ ಡಬ್ಬ್ಯಾಗ ಹಾಕಿಡೂದು. ಮುಂಜಾನೆದ್ದು ಬಟ್ಟಿಲೆ ಒಸಡಿಗೆ ತಿಕ್ಕೂದು, ಅರ್ಧಾ ತಾಸು ಉಗುಳದ ಹಂಗ ಇಟಗೊಂಡು ಕೆಲಸ ಮಾಡೂದು. ಹಸಿವಿ ಆಗಾಂಗಿಲ್ಲ, ತಲಿ ನೋಯಾಂಗಿಲ್ಲ. ಹುಡುಗಿ ಇದ್ದಾಗ ಎಷ್ಟೋ ಸಲ ನಾನ ಒಲಿ ಮುಂದ ಕುಂತು ಹುರದ ಕೊಟ್ಟೇನಿ.

ಎರಡನೇ ವರ್ಷದಾಗ ಒಂದು ಮನಿತನದ ಆರೋಗ್ಯ ತಪಾಸಣಿ ಮಾಡಿ ರೆಕಾರ್ಡ್ ಬರಿಯೂದಿತ್ತು. ಅದ ಹೊತ್ತಿನ್ಯಾಗ ಅವ್ವ, "ಗಲ್ಲದ ಒಳಗ ಉರೀತೈತಿ ಬೇ, ಖಾರ ತಾಕಿಸಗೊಡೂದಿಲ್ಲ. ನೋಡ ಒಮ್ಮಿ" ಅಂದ್ಲು. ನನಗೂ ಅದ ಬೇಕಾಗಿತ್ತು. ಹೊಸ್ತಿಲದಾಗ ಬೆಳಕಿಗೆ ಮುಖ ಮಾಡಿ ಕುಂಡ್ರಿಸಿದ್ನಿ. ಕೈಗೆ ಗ್ಲೌಸ್ ಹಾಕ್ಕೊಂಡ್ನಿ. ಅದನ್ನ ನೋಡಿ ಅವ್ವ ನಕ್ಕಳು, "ಅಬಾಬಾ, ಏನ ದೊಡ್ಡ ಡಾಕ್ಟರು!" ಅಂತ.

ಮೊದಲ ಪ್ರಶ್ನೆ ಕೇಳಬೇಕು. "ತಂಬಾಕು ತಿಂತೀ ಏನ?" ಅಂತ ಕೇಳಿದ್ನಿ.

"ಥೂ, ನಾ ಯಾಕ ತಿನ್ನಲಿ? ಬರೇ ಹಲ್ಲ ತಿಕ್ಕತೇನಿ."

ನಾ 'ಇಲ್ಲ' ಅಂತ ಬರದ್ನಿ! ಹಂಚಿನ ಮ್ಯಾಲ ಹುರದ ಕೈ ಅದ, ಬರದ ಕೈ ಅದ.

ಆಮ್ಯಾಲ ವಿಡಿಯೋದಾಗ ನೋಡಿದಾಂಗ ತುಟಿ ಮಗಚಿ, ಗಲ್ಲ ಎಳದು, ಟಾರ್ಚ್ ಹಿಡದು ನೋಡಿದ್ನಿ. ವಿಡಿಯೋದಾಗಿನ ಬಾಯಿ ಗುಲಾಬಿ ಇತ್ತು. ಬಿಳಿ ಕಲಿ ಹುಡುಕ್ರಿ, ಕೆಂಪ ಕಲಿ ಹುಡುಕ್ರಿ ಅಂತ ಹೇಳಿದ್ರು. ಅವ್ವನ ಬಾಯಿ ಒಸಡಿನಿಂದ ಗಲ್ಲದಮಟ ಕರ್ರಗಿತ್ತು. ಬಿಳಿದೂ ಕಾಣಲಿಲ್ಲ, ಕೆಂಪೂ ಕಾಣಲಿಲ್ಲ. ನಾ ಹುಟ್ಟಿದಾಗಿಂದ ನೋಡಿದ ಬಾಯಿ ಅದು, ನನಗದು ಕರ್ರಗ ಇರೂದ ಸಹಜ.

"ಏನೂ ಇಲ್ಲ ಬೇ ಯವ್ವಾ. ಉಷ್ಣ ಆಗಿರಬೇಕು. ಮಜ್ಜಿಗಿ ಕುಡಿ" ಅಂದ್ನಿ.

ರೆಕಾರ್ಡಿನ್ಯಾಗ 'ಬಾಯಿ: ಸಹಜ' ಅಂತ ಬರದ್ನಿ. ಮೇಡಮ್ಮಾರು ಕೆಂಪ ಪೆನ್ನಿಲೆ 'ಉತ್ತಮ' ಅಂತ ಬರದು ಸಹಿ ಹಾಕಿದ್ರು. ಆ ಪುಸ್ತಕ ಇನ್ನೂ ನನ್ನ ಟ್ರಂಕಿನ್ಯಾಗೈತಿ. ಸುಡಬೇಕಂತ ಎಷ್ಟೋ ಸಲ ಕೈಯಾಗ ಹಿಡದೇನಿ, ಸುಡಾಕ ಆಗಿಲ್ಲ.

ಆ ಮ್ಯಾಲ ಏಳೆಂಟ ತಿಂಗಳ ಹಂಗ ಹೋದ್ವು. ಅವ್ವಗ ಉರಿ ಕಡಿಮಿ ಆಗಲಿಲ್ಲ. ಬಾಜೂ ಮನಿ ಮಾವಶಿ, ಮರಾಠಿ ಮಾತಾಡೂ ಹೆಣ್ಮಗಳು, ದಿನಾ ಅವ್ವನ ಜೋಡಿ ಕುಂತು ಬೀಡಿ ಕಟ್ಟಾಕಿ, ಎಷ್ಟ ಸಲ ಹೇಳಿದ್ಲೋ ದವಾಖಾನಿಗೆ ಹೋಗು ಅಂತ. ಅವ್ವಂದು ಒಂದ ಮಾತು. "ನಮ್ಮ ಹುಡುಗಿ ನೋಡ್ಯಾಳ. ಏನೂ ಇಲ್ಲ ಅಂದಾಳ." ಓಣಿ ತುಂಬ ಅದನ ಹೇಳಿಕೋತ ತಿರಗ್ಯಾಡಿದ್ಲು. ಮಗಳು ಗ್ಲೌಸ್ ಹಾಕ್ಕೊಂಡು ನೋಡಿದ್ದು ಅಕಿಗೆ ಅಷ್ಟ ಹಿಗ್ಗು. ನಾ ಸನೇಕ ಇದ್ದು ಏನ ಮಾಡಿದ್ನಿ? ಪರೀಕ್ಷಾ ಅಂತ ವಿಡಿಯೋ ನೋಡ್ಕೋತ ಕುಂತಿದ್ನಿ. ರೊಟ್ಟಿ ಬ್ಯಾಳ್ಯಾಗ ನೆನಸಿ ತಿನ್ನಾಕ ಹತ್ಯಾಳ ಅನ್ನೂದು ಕಣ್ಣಿಗೆ ಬಿದ್ದಿತ್ತು. ಹಲ್ಲ ನೋಯಾಕ ಹತ್ತಿರಬೇಕು ಅಂದ್ಕೊಂಡ್ನಿ.

ಒಂದಿನ ಬಾಯಾಗ ಎರಡ ಬಟ್ಟ ಹೋಗದಾಂಗಾತು. ಆವಾಗ ಚಿಕ್ಕೋಡಿಗೆ ಹಲ್ಲಿನ ಡಾಕ್ಟರ ಕಡೆ ಕರಕೊಂಡ ಹೋದ್ನಿ. ಅವ್ರು ಟಾರ್ಚ್ ಹಿಡೀಲಿಲ್ಲ. ಮೊದಲ ಒಂದು ಗ್ಲಾಸ್ ನೀರ ಕೊಟ್ಟು, "ಚೆಂದಂಗ ಮುಕ್ಕಳಿಸಿ ಉಗುಳ್ರಿ ಅಕ್ಕಾರ" ಅಂದ್ರು. ಆಮ್ಯಾಲ ತೆಳ್ಳನ ಬಿಳಿ ಬ್ಯಾಂಡೇಜ್ ಅರಿವಿಲೆ ಗಲ್ಲದ ಒಳಗ ಸಾವಕಾಶ ಒರಸಿದ್ರು. ಅರಿವಿ ಕರ್ರಗಾತು. ಕರೀದರ ಕೆಳಗ ಬೆಳ್ಳಗ ದಪ್ಪನ ಕಲಿ, ನಡುಕ ಹುಣ್ಣು. ಅಂಗೈಯಾಗಿನ ಹುಣ್ಣಿಗೆ ಕನ್ನಡಿ ಯಾಕ ಅಂತಾರಲ್ಲ, ನನಗ ಕನ್ನಡಿ ಬೇಕಾಗಿರಲಿಲ್ಲ, ಒಂದು ಗ್ಲಾಸ್ ನೀರ ಬೇಕಾಗಿತ್ತು.

"ಎಷ್ಟ ದಿನಾ ಆತು? ಮೊದಲ ಯಾರಿಗೂ ತೋರ್ಸಿಲ್ಲೇನು?" ಅಂತ ಡಾಕ್ಟರು ಕೇಳಿದ್ರು.

ಅಷ್ಟರಾಗ ಅವ್ವ, ಬಾಯಿ ಪೂರ್ತಿ ತಗಿಯಾಕ ಬರದಿದ್ರೂ, "ಮಗಳು ಆವಾಗ್ಲೇ ಹೇಳಿದ್ಲ್ರೀ ದವಾಖಾನಿಗೆ ನಡಿ ಅಂತ. ನಾನ ಬರಲಿಲ್ಲ" ಅಂದ್ಲು. ಡಾಕ್ಟರು ನನ್ನ ಕಡೆ ನೋಡಿ, ನೀ ನರ್ಸಿಂಗ್ ಕಲಿಯಾಕಿ, ಜೋರ ಮಾಡಿ ಕರಕೊಂಡ ಬರಬೇಕಿತ್ತು ಅಂದ್ರು. ನಾ ಹೌದ್ರಿ ಅಂತ ತಲಿ ಅಲ್ಲಾಡಿಸಿದ್ನಿ.

ಹೊರಗ ಬೆಂಚಿನ ಮ್ಯಾಲ ಕುಂತು ಬಾಯಿ ತಪಾಸಣಿದ ಆ ವಿಡಿಯೋ ತಗದ್ನಿ. ಮೊದಲನೇ ಮಿನಿಟಿನ್ಯಾಗ ಐತಿ. ಬಾಯಿ ಮುಕ್ಕಳಿಸಾಕ ಹೇಳ್ರಿ, ಕಲಿ ಇದ್ರ ಒರಸಿ ನೋಡ್ರಿ.

ಆಪರೇಷನ್ ಬೆಳಗಾವಿಯೊಳಗ ಆತು. ಅವ್ವನ್ನ ಒಳಗ ಒಯ್ದ ಮ್ಯಾಲ ಹೊರಗ ಕುಂತು ಆ ಆಪರೇಷನ್ನಿನ ವಿಡಿಯೋ ನೋಡಿದ್ನಿ. ಯಾಕ ನೋಡಿದ್ನೋ ನನಗ ಗೊತ್ತಿಲ್ಲ, ಕೈ ತಾನ ಹುಡುಕಿತು. ಗಲ್ಲ ಕೊಯ್ದು, ದವಡಿ ಎಲುವಿನ ತುಂಡ ತಗದು, ಎದಿಯ ಮಾಂಸ ತಂದು ಗಲ್ಲಕ್ಕ ಹೊಲದ್ರು. ನನ್ನ ಬಾಜೂಕ ಕುಂತ ಹೆಣ್ಮಗಳು ದೇವ್ರ ಹೆಸರ ಹೇಳಿಕೋತ ಕುಂತಿದ್ಲು. ಅಕಿಗೆ ಒಳಗೇನ ನಡದೈತಿ ಅನ್ನೂದು ಗೊತ್ತಿದ್ದಿಲ್ಲ. ಅಕಿ ಪುಣ್ಯೆವಂತಿ.

ಅವ್ವ ಉಳದಾಳ. ಬೀಡಿ ಕಟ್ಟೂದು ಬಿಟ್ಟಾಳ, ಮಿಶ್ರಿ ಬಿಟ್ಟಾಳ, ರೊಟ್ಟಿನೂ ಬಿಟ್ಟಾಳ. ಅಂಬಲಿ, ಗಂಜಿ. ಮಾತು ತೊದಲಾಗಿ ಬರತಾವು, ನನ್ನ ಬಿಟ್ರ ಮಂದಿಗೆ ತಿಳಿಯಾಂಗಿಲ್ಲ. ನಾ ಪಾಸಾಗಿ ಒಂದು ದವಾಖಾನ್ಯಾಗ ಕೆಲಸಕ್ಕ ಹತ್ತೇನಿ. ಅಲ್ಲೆ ಎಲ್ಲಾರೂ ನನಗ ಸಿಸ್ಟರ್ ಅಂತಾರ.

ಹೋದ ವಾರ ಕಬ್ಬೂರಿಂದ ಚಿಗವ್ವ ಬಂದಿದ್ಲು, ಅವ್ವನ ತಂಗಿ. ಆಪರೇಷನ್ ಆದಾಗ ಬರಾಕ ಆಗಿರಲಿಲ್ಲ ಅಕಿಗೆ. ಅವ್ವನ ಮಾರಿ ನೋಡಿ ಸೆರಗ ಬಾಯಿಗೆ ಹಿಡಕೊಂಡು ಅತ್ತಳು. "ಎಕ್ಕಾ, ಇಷ್ಟ ಆಗೂಮಟ ಏನ ಮಾಡಾಕತ್ತಿದ್ದಿ?" ಅಂದ್ಲು.

ಅವ್ವ ಕೈ ಮಾಡಿ, ನನ್ನ ತೋರಿಸಿ, ಹೆಣಗ್ಯಾಡಿ ಏನೋ ಅಂದ್ಲು. ಚಿಗವ್ವಗ ತಿಳೀಲಿಲ್ಲ. ಇನ್ನೊಮ್ಮಿ ಅಂದ್ಲು. ಕಟಬಾಯಿಂದ ಜೊಲ್ಲ ಇಳೀತು.

"ಏನಂತಾಳ ಬೇ ನಿಮ್ಮವ್ವ?" ಅಂತ ಚಿಗವ್ವ ನನ್ನ ಕೇಳಿದ್ಲು.

ನಾ ಅವ್ವನ ಮಾರಿ ನೋಡಿದ್ನಿ. ಖರೇ ಹೇಳಬೇಕಂತ ಬಾಯಿ ತಗದ್ನಿ. ಅವ್ವ ಕಣ್ಣಾಗ ಬ್ಯಾಡ ಅಂದ್ಲು.

"ನಾ ಮೊದಲ ಹೇಳಿದ್ನಂತ" ಅಂದ್ನಿ. "ಅಕಿನ ನನ್ನ ಮಾತ ಕೇಳಲಿಲ್ಲಂತ."

"ಎಂಥಾ ಹುಚ್ಚಿ ಅದಿ ನೀ! ಕಲ್ತ ಮಗಳ ಮಾತ ಕೇಳಬಾರದಾ?" ಅಂತ ಚಿಗವ್ವ ಅವ್ವನ್ನ ಬೈದ್ಲು. ಅವ್ವ ತಪ್ಪ ಮಾಡಿದವರಾಂಗ ತಲಿ ತಗ್ಗಿಸಿ ಕುಂತ್ಲು.