ಮಿಲಿಟರಿ ತಂತಿಯೂ ಮನೆಯಳಿಯನೂ

ನನಗೆ ಮೊಮ್ಮಗಳು ಹುಟ್ಟಿದಳು. ನಮ್ಮ ಮನೆಯ ಮೊದಲ ಕೂಸು. ತಲೆತುಂಬ ಕೂದಲು, ಅತ್ತರೆ ಅಜ್ಜಂಪುರದ ಸ್ಟೇಷನ್ನಿನವರೆಗೂ ಕೇಳಬೇಕು, ಅಂಥ ಗಂಟಲು. ಈಗ ಅವಳು ಸ್ಲೇಟು ಹಿಡಿದು ನನ್ನ ಕಾಗುಣಿತವನ್ನೇ ತಿದ್ದುತ್ತಾಳೆ. ಆದರೂ ಆ ದಿನವನ್ನು ಬರೆಯಲು ಕೂತರೆ ಎದೆ ಉಕ್ಕಿ ಬರುತ್ತದೆ. ನಾನು ಓದಿದ್ದು ಮೂರನೇ ಕ್ಲಾಸು, ಯಾವುದನ್ನು ಮೊದಲು ಹೇಳಬೇಕೆಂಬ ಕ್ರಮ ತಿಳಿಯದು. ತಡೆಯಲಾರದೆ ಸಂತೋಷವನ್ನು ಮೊದಲೇ ಹೇಳಿಬಿಟ್ಟೆ. ಅವಳು ಹುಟ್ಟಿದ ದಿನ ನಡೆದ ಮಿಕ್ಕದ್ದೆಲ್ಲ ಅಷ್ಟು ಒಳ್ಳೆಯದಲ್ಲ.

ಎಪ್ಪತ್ತರ ದಶಕದ ಕೊನೆಗೆ ನಾನು ತಂತಿ ವ್ಯಾಪಾರ ಮಾಡುತ್ತಿದ್ದೆ. ಮಿಲಿಟರಿಯವರು ಯುದ್ಧಕ್ಕೆಂದು ತರಿಸಿ, ಬಿಚ್ಚದೆ ವರ್ಷಗಟ್ಟಲೆ ಗೋದಾಮಿನಲ್ಲಿಟ್ಟು, ಕೊನೆಗೆ ಹರಾಜು ಹಾಕಿದ ಟೆಲಿಫೋನ್ ತಂತಿ. ಚಪ್ಪರ ಕಟ್ಟಲು, ಬಟ್ಟೆ ಒಣಹಾಕಲು, ಮೈಕಿಗೆ, ಎಲ್ಲಕ್ಕೂ ಜನ ಕೊಳ್ಳುತ್ತಿದ್ದರು. ಆದರೆ ಹಳೆಯ ಮಾಲು. ಮೇಲೆ ರಬ್ಬರು ಚೆನ್ನಾಗಿದ್ದರೂ ಒಳಗೆ ತಂತಿ ತುಂಡಾಗಿದೆಯೇನೋ ಎಂಬ ಅನುಮಾನ. ಅದಕ್ಕೊಂದು ಪರೀಕ್ಷೆ ಇತ್ತು. ಮಾಲಿನ ಜೊತೆ ಹಿಡಿಕೆ ತಿರುಗಿಸುವ ಮಿಲಿಟರಿ ಫೋನೊಂದು ಬಂದಿತ್ತು. ಸುರುಳಿಯ ಒಂದು ತುದಿಯನ್ನು ಫೋನಿಗೆ ಸಿಕ್ಕಿಸಬೇಕು. ಇನ್ನೊಂದು ತುದಿಯ ಎರಡು ಎಳೆಗಳನ್ನು ಒಬ್ಬ ಎರಡೂ ಕೈಯಲ್ಲಿ ಹಿಡಿಯಬೇಕು. ಹಿಡಿಕೆ ತಿರುಗಿಸಿದಾಗ ಅವನಿಗೆ ಶಾಕ್ ಹೊಡೆದರೆ ತಂತಿಗೆ ಜೀವವಿದೆ ಎಂದರ್ಥ.

ಹಿಡಿಯುವವನು ನನ್ನ ಅಳಿಯ. ಇದ್ದ ಒಬ್ಬಳೇ ಮಗಳನ್ನು ಬಡವನಿಗೆ ಕೊಟ್ಟು, ಅವನನ್ನು ನಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದೆವು. ಟಾರ್ಚಿನ ಬಲ್ಬು ಸಿಕ್ಕಿಸಿದ್ದರೂ ಪರೀಕ್ಷೆ ಆಗುತ್ತಿತ್ತು, ನನಗದು ಗೊತ್ತಿತ್ತು. ಆದರೆ ಬಲ್ಬು ಕುಣಿಯುವುದಿಲ್ಲ. ಕಡೂರು ಸಂತೆಯಲ್ಲಿ ಅಳಿಯ ಎಗರಿಬಿದ್ದರೆ ಜನ ಸುತ್ತುಗಟ್ಟುತ್ತಿದ್ದರು.

“ಇನ್ನೊಂದ್ಸಲ ತಿರುಗ್ಸಣ್ಣ, ನೋಡಾಣ.”

“ನೋಡಿ ನೋಡಿ, ಮನೆಯಳಿಯ ಕಣ್ರೀ, ಪುಕ್ಕಟೆ ಕುಣೀತಾನೆ,” ಅಂತ ನಾನೂ ಸೇರಿಸುತ್ತಿದ್ದೆ.

ಮಾಲು ಖರ್ಚಾಗುತ್ತಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಅವನ ಬೆರಳುಗಳು ತಾವಾಗಿಯೇ ಅದುರುತ್ತಿದ್ದವು. “ಸಾಕು ಮಾಡಿ ಮಾವ,” ಎಂದು ಒಮ್ಮೆ ಕೇಳಿದ. “ನಮ್ಮನೆ ಮುದ್ದೆ ಮುರಿಯೋ ಕೈ ಅಲ್ವೇನೋ, ಸ್ವಲ್ಪ ಅದುರ್ಲಿ,” ಅಂದೆ.

ಮಗಳಿಗೆ ದಿನ ತುಂಬಿತ್ತು. ಆ ಬೆಳಿಗ್ಗೆ ನಾವಿಬ್ಬರೂ ತರೀಕೆರೆಗೆ ಹೋದೆವು. ಮೈಕ್ ಸೆಟ್ ಬಾಡಿಗೆಗೆ ಕೊಡುವ ಸಾಹುಕಾರರೊಬ್ಬರು ಉಳಿದ ಮಾಲನ್ನೆಲ್ಲ ಒಟ್ಟಿಗೆ ಕೊಳ್ಳುತ್ತೇನೆಂದಿದ್ದರು. ಅವರ ಅಂಗಡಿಯ ಹಿತ್ತಲಲ್ಲಿ ಸುರುಳಿಗಳನ್ನು ಇಳಿಸಿ, ಅಳಿಯನ ಕೈಗೆ ತುದಿ ಕೊಟ್ಟು ತಿರುಗಿಸಿದೆ. ಅವನು ಅಲ್ಲಾಡಲಿಲ್ಲ.

“ಸತ್ತೈತೆ,” ಅಂದ.

ಎರಡನೆಯದು. “ಇದೂ ಸತ್ತೈತೆ.”

ಆರನೆಯದಕ್ಕೆ ಸಾಹುಕಾರರು ಎದ್ದರು. “ಏನಯ್ಯಾ, ಬರೀ ಹೆಣ ಹೊತ್ಕೊಂಡ್ ಬಂದಿದೀಯ. ಕಾಫಿ ಕುಡ್ದು ಬತ್ತೀನಿ, ಅಷ್ಟರೊಳಗೆ ಜಾಗ ಖಾಲಿ ಮಾಡು.”

ಅವರು ಒಳಗೆ ಹೋದ ಮೇಲೆ ಅಳಿಯ ತುದಿಗಳನ್ನು ನನ್ನತ್ತ ಚಾಚಿದ. “ಅನ್ಮಾನ ಇದ್ರೆ ನೀವೇ ಹಿಡೀರಿ.”

ಹಿಡಿದೆ. ಅವನು ತಿರುಗಿಸಿದ. ಮೊಣಕೈವರೆಗೆ ಸುತ್ತಿಗೆಯಲ್ಲಿ ಬಡಿದಂತಾಗಿ ಮಣ್ಣಿಗೆ ಕುಸಿದೆ. ಇದೇ ಏಟನ್ನು ಆರು ಸಲ ತಿಂದು, ರೆಪ್ಪೆ ಕೂಡ ಆಡಿಸದೆ ನಿಂತಿದ್ದನಲ್ಲ. ಅವನ ಬಾಯಂಚಿನಲ್ಲಿ ರಕ್ತವಿತ್ತು, ನಾಲಿಗೆ ಕಚ್ಚಿಕೊಂಡಿದ್ದ.

“ಸಾಹುಕಾರ್ರು ಬರ್ಲಿ,” ಅಂದ. “ಒಂದೂ ಬಿಡ್ದಂಗೆ ಎಲ್ಲಾ ಸುರುಳಿನೂ ನೀವ್ ಹಿಡೀರಿ, ನಾನ್ ತಿರುಗಿಸ್ತೀನಿ. ಆಗಲ್ಲ ಅಂದ್ರೆ ಬಾಣಂತನ ಮುಗೀತಿದ್ದಂಗೆ ಅವಳನ್ನೂ ಮಗೂನೂ ಕರ್ಕೊಂಡ್ ನಮ್ಮೂರಿಗೆ ಹೋಯ್ತೀನಿ. ಮೊಮ್ಮಗು ಮುಖ ನಿಮಗೆ ತೋರ್ಸಲ್ಲ.”

ದಮ್ಮಯ್ಯ ಅಂದೆ. ಅವನು ಹಿಡಿಕೆಯ ಮೇಲಿನ ಕೈ ತೆಗೆಯಲಿಲ್ಲ.

ಅಳಿಯನ ಕೈ ಜಡ್ಡುಗಟ್ಟಿದೆ, ನಾನೇ ಹಿಡಿದು ತೋರಿಸುತ್ತೇನೆಂದು ಸಾಹುಕಾರರನ್ನು ಕರೆದು ಮತ್ತೆ ಮೊದಲಿಂದ ಶುರುಮಾಡಿದೆವು. ಅಂಗಡಿಯ ಆಳುಗಳೂ ಬಂದು ನಿಂತರು. ಅಳಿಯ ಅವಸರ ಮಾಡಲಿಲ್ಲ. ತಿರುಗಿಸುತ್ತಲೇ “ಜೀವ ಐತಾ ಮಾವ?” ಎಂದು ಕೇಳುತ್ತಿದ್ದ. ನಾನು ಬಾಯಿಬಿಟ್ಟು “ಐತೆ” ಅನ್ನುವವರೆಗೂ ನಿಲ್ಲಿಸುತ್ತಿರಲಿಲ್ಲ. ಶಾಕಿಗೆ ದವಡೆ ಕಚ್ಚಿಕೊಂಡು ಆ ಒಂದು ಮಾತೇ ಹೊರಡುತ್ತಿರಲಿಲ್ಲ. “ಅಳಿಯನಿಗಿಂತ ಮಾವನೇ ವಾಸಿ ಕಣ್ರೋ,” ಎಂದು ಸಾಹುಕಾರರು ಹೊಟ್ಟೆ ಹಿಡಿದು ನಕ್ಕರು. ಒಂಬತ್ತನೆಯದಕ್ಕೆ ನನ್ನ ಪಂಚೆ ಒದ್ದೆಯಾಯಿತು. ಅಳಿಯ ಅದನ್ನು ನೋಡಿದ. ನೋಡಿ ಇನ್ನೊಂದು ಸುತ್ತು ತಿರುಗಿಸಿದ.

ನಿಜವಾಗಿಯೂ ಸತ್ತಿದ್ದ ಮೂರನ್ನು ಬಿಟ್ಟು ಎಲ್ಲವೂ ಮಾರಾಟವಾಯಿತು.

ಅಜ್ಜಂಪುರದಲ್ಲಿ ಬಸ್ಸಿಳಿದು ಮನೆಗೆ ಬಂದರೆ, ಹೆಂಡತಿ ಹೊಸ್ತಿಲಲ್ಲೇ ನಿಂತು “ಹೆಣ್ಣು ಮಗು” ಅಂದಳು. ನಾನು ಅಲ್ಲೇ ಜಗುಲಿಯ ಮೇಲೆ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ಅಂಥ ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಎತ್ತಿಕೊಳ್ಳಲು ಹೋದರೆ ಹೆಂಡತಿ ಕೊಡಲಿಲ್ಲ. “ಈ ಅದುರೋ ಕೈಯಲ್ಲಿ ಬೀಳಿಸ್ತೀರ.” ಅಳಿಯ ಕೂಸನ್ನು ಎತ್ತಿಕೊಂಡು ನನ್ನ ಮುಂದೆ ಬಂದ. ಸ್ವಲ್ಪ ಹೊತ್ತು ನನ್ನನ್ನು ಕಾಯಿಸಿ, ಆಮೇಲೆ ಬಟ್ಟೆ ಸರಿಸಿ ಮುಖ ತೋರಿಸಿದ.

ಸಂಜೆ ಹೆಂಡತಿ ಬಾಣಂತಿ ಕೋಣೆಯ ಬಾಗಿಲ ಬಳಿಯೇ ಎಲ್ಲರ ತಟ್ಟೆ ಹಾಕಿದಳು, ಒಳಗಿದ್ದ ಮಗಳೂ ನಮ್ಮೊಡನೆ ಉಣ್ಣಲೆಂದು. ಅವಳಿಗೆ ಬಿಸಿ ಅನ್ನ, ತುಪ್ಪ. ನಮಗೆ ಅವರೆಕಾಳು ಸಾರು, ಶಾವಿಗೆ ಪಾಯಸ.

“ಯಾಕಪ್ಪಾ, ಕೈಗೇನಾಯ್ತು?” ಮಗಳು ಕೇಳಿದಳು.

“ವ್ಯಾಪಾರ ಜೋರಾಗಿತ್ತು ಕಣೇ,” ಅಂದ ಅಳಿಯ.

“ಇರ್ತೀಯಲ್ಲಪ್ಪಾ?” ಅಂದೆ, ಅವನಿಗೆ ಮಾತ್ರ ಕೇಳುವಂತೆ.

“ಇರ್ತೀನಿ. ಮುಂದಿನ್ ಹರಾಜಿನ್ ಮಾಲಿಗೆ ತಂತಿ ಹಿಡಿಯೋರು ಮಾತ್ರ ನೀವೇ.”

ಅವನು ಸಾರು ಬಡಿಸಿಕೊಂಡು ಉಣ್ಣತೊಡಗಿದ. ಮಗಳೂ ಹೆಂಡತಿಯೂ ಕೂಸಿಗೆ ಯಾರ ಮೂಗು ಬಂದಿದೆಯೆಂದು ವಾದಿಸುತ್ತಾ ಉಂಡರು. ನಾನು ಪಾಯಸದ ಲೋಟವನ್ನು ಎರಡೂ ಅಂಗೈ ನಡುವೆ ಒತ್ತಿಹಿಡಿದು, ಅರ್ಧ ಎದೆಯ ಮೇಲೆ ಚೆಲ್ಲಿಕೊಂಡು, ಅರ್ಧ ಕುಡಿದೆ.