ಬಳಸುವವರ ತಪ್ಪಲ್ಲ

ಮೊಬೈಲಿನಲ್ಲಿ ಕನ್ನಡ ಬರೆಯಲು ಹೊಸದೊಂದು ಕೀಲಿಮಣೆಯನ್ನು ನಾಲ್ಕಾರು ಊರುಗಳ ಜನ ಸೇರಿ, ಸಂಬಳವಿಲ್ಲದೆ, ಬಿಡುವಿನಲ್ಲಿ ಕಟ್ಟುತ್ತಿದ್ದರು. ಅದರ ಪ್ರೋಗ್ರಾಮಿನ ಕೋಡನ್ನು ಯಾರು ಬೇಕಾದರೂ ನೋಡಬಹುದಿತ್ತು, ತಿದ್ದಬಹುದಿತ್ತು. ಬಿಡುಗಡೆಗೆ ಮುಂಚೆ ಹೈದರಾಬಾದಿನಲ್ಲಿ ಅದನ್ನು ಪರೀಕ್ಷಿಸಲು ಜನರನ್ನು ಕೂಡಿಸುವ ಕೆಲಸ ನಾನು ವಹಿಸಿಕೊಂಡೆ. ಗಚ್ಚಿಬೌಲಿಯ ಕಂಪನಿಯಲ್ಲಿ ನನ್ನ ಉದ್ಯೋಗವೂ ಸಾಫ್ಟ್‌ವೇರ್ ಟೆಸ್ಟಿಂಗೇ.

ಮೊದಲ ಭಾನುವಾರ ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿನ ಸಮುದಾಯ ಹಾಲಿಗೆ ಎಂಟು ಮಂದಿ ಬಂದರು. ಎಲ್ಲರೂ ನನ್ನಂಥವರೇ. ಮೈಸೂರು, ಮಂಗಳೂರು ಕಡೆಯ ಇಂಜಿನಿಯರುಗಳು, ಎಲ್ಲರ ಕೈಯಲ್ಲೂ ಹೊಸ ಫೋನು. ಎರಡು ಗಂಟೆ ಬರೆದರೂ ಒಂದೂ ದೋಷ ಸಿಗಲಿಲ್ಲ. ದೋಷವೇ ಸಿಗದ ಪರೀಕ್ಷೆಯನ್ನು ನಾನು ನಂಬುವುದಿಲ್ಲ.

ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದಿಂದ ದಿನವೂ ಕನ್ನಡ ಕೇಳಿಸುತ್ತಿತ್ತು. ಮರುದಿನ ಬೆಳಿಗ್ಗೆ ಅಲ್ಲಿಗೆ ಹೋದೆ. ಸಿಮೆಂಟು ಕಲಸುತ್ತಿದ್ದ, ಯಾದಗಿರಿ ಕಡೆಯ ನಲವತ್ತರ ಹೆಂಗಸೊಬ್ಬರು ಸಲಿಕೆ ಒರಗಿಸಿಟ್ಟು ನನ್ನ ಮಾತು ಕೇಳಿಸಿಕೊಂಡರು.

"ಫೋನಿನ್ಯಾಗ ಕನ್ನಡ ಬರೀಬೇಕು, ಅಷ್ಟೇನ್ರಿ?"

"ಅಷ್ಟೇ ಅಕ್ಕ. ಎಲ್ಲಿ ತಪ್ಪಾಗುತ್ತೆ ಅಂತ ಹೇಳ್ಬೇಕು."

"ತಪ್ಪ ಹುಡಕೂದಂದ್ರ ಬರ್ತೀನ್ರಿ. ದಿನಾ ನಮ್ಮ ತಪ್ಪ ಹುಡುಕೋರನ್ನ ನೋಡಿ ನೋಡಿ ಸಾಕಾಗೈತಿ."

ಮುಂದಿನ ಭಾನುವಾರ ತಮ್ಮ ಜೊತೆ ಕೆಲಸ ಮಾಡುವ ಐವರನ್ನು ಕರೆತಂದರು. ಮೊದಲ ಸಾಲನ್ನು ಅವರೇ ಬರೆದರು: ಭಾಳ ಬಿಸಿಲೈತಿ. ಪರದೆಯ ಮೇಲೆ ಬಂದದ್ದು 'ಬಬಾಳ ಬಿಸಿಲೈತಿ'. ಆ ಕೀಲಿಮಣೆಯಲ್ಲಿ 'ಬ' ಒತ್ತಿ ಹಿಡಿದರೆ 'ಭ' ಬರಬೇಕು. ಸಿಮೆಂಟಿಗೆ ಸವೆದು ಗಡುಸಾದ ಬೆರಳು ಒತ್ತಿಯೇ ಇತ್ತು, ಆದರೆ ಫೋನು ನಡುವೆ ಅದರ ಗುರುತು ಕಳೆದುಕೊಂಡು ಒಂದು ಒತ್ತನ್ನು ಎರಡೆಂದು ಎಣಿಸುತ್ತಿತ್ತು. ಆರು ಜನರಲ್ಲಿ ನಾಲ್ವರಿಗೆ ಹಾಗೇ ಆಯಿತು.

ಅಷ್ಟರಲ್ಲಿ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಬಾಗಿಲಲ್ಲಿ ನಿಂತು, ಹೊರಗಿನವರನ್ನು ಹಾಲಿಗೆ ಬಿಡುವಂತಿಲ್ಲ ಎಂದು ತೆಲುಗಿನಲ್ಲಿ ಹೇಳಿದರು.

"ಹೋದ ವಾರ ಬಂದವರೂ ಹೊರಗಿನವರೇ" ಎಂದೆ.

"ಅವರು ಬೇರೆ, ಇವರು ಬೇರೆ."

"ಏನು ಬೇರೆ ಅಂತ ಬರೆದುಕೊಡಿ. ನೋಟಿಸ್ ಬೋರ್ಡಿಗೆ ನಾನೇ ಅಂಟಿಸ್ತೀನಿ."

ಅವರು ಅಲ್ಲೇ ನಿಂತು ನನ್ನ ಮನೆಯ ಮಾಲೀಕರಿಗೆ ಫೋನ್ ಮಾಡತೊಡಗಿದರು. ಅಕ್ಕ ಎದ್ದು ಹೊರಟಾರು ಎಂದುಕೊಂಡೆ. ಅವರು ತಲೆ ಎತ್ತಲಿಲ್ಲ. "ಇನ್ನಾ ನಮ್ಮ ಕೆಲಸ ಮುಗಿದಿಲ್ರಿ" ಎಂದು ಮುಂದಿನ ಪದಕ್ಕೆ ಹೋದರು. ಹಾಲ್ ನನ್ನ ಹೆಸರಿನಲ್ಲಿ ಹನ್ನೆರಡರವರೆಗೆ ಬುಕ್ ಆಗಿತ್ತು. ಹನ್ನೆರಡರವರೆಗೆ ಕೂತೆವು.

ಅಂದೇ ದೋಷದ ವರದಿ ಕಳಿಸಿದೆ. ಬಿಡುಗಡೆಯ ಹೊಣೆ ಹೊತ್ತಿದ್ದಾತ ಬೆಳಗಾಗುವಷ್ಟರಲ್ಲಿ, ತಿದ್ದುವಂಥದ್ದೇನೂ ಇಲ್ಲವೆಂದು ಅದನ್ನು ಮುಚ್ಚಿ ಬರೆದಿದ್ದ: 'ಬಳಸುವವರ ತಪ್ಪು. ಸರಿಯಾಗಿ ಒತ್ತಿ ಹಿಡಿದಿಲ್ಲ.'

ಮಧ್ಯಾಹ್ನ ಊಟದ ಹೊತ್ತಿಗೆ ಕಟ್ಟಡಕ್ಕೆ ಹೋಗಿ ಅದನ್ನು ಓದಿ ಹೇಳಿದೆ. ಅಕ್ಕ ರೊಟ್ಟಿ ಕೆಳಗಿಟ್ಟರು.

"ಅವ್ರು ನನ್ನ ಕೈ ನೋಡ್ಯಾರೇನ್ರಿ?"

"ಇಲ್ಲ."

"ಹಂಗಾದ್ರ ತೋರಸೋಣ. ವಿಡಿಯೋ ಹಿಡೀರಿ."

ನಾಲ್ವರ ಕೈಗಳನ್ನೂ ಹತ್ತಿರದಿಂದ ವಿಡಿಯೋದಲ್ಲಿ ಹಿಡಿದೆ. ಖರೆ, ಥಂಡಿ, ಧೂಳ, ಭಾಳ. ದಿನಕ್ಕೆ ನೂರು ಸಲ ಆಡುವ ಮಾತುಗಳು, ಒಂದೂ ನೆಟ್ಟಗೆ ಮೂಡಲಿಲ್ಲ. ಕೊನೆಯಲ್ಲಿ ಅಕ್ಕ ಕ್ಯಾಮೆರಾ ಕಡೆ ನೋಡಿ ಹೇಳಿದರು: "ನಾ ಸಾಲ್ಯಾಗ ಏಳನೇತ್ತ ತನಕ ಕಲ್ತೀನಿ. ಭಾಳ ಅಂತ ಬರಿಯಾಕ ನಂಗ ಬರ್ತೈತಿ. ನಿಮ್ಮ ಫೋನಿಗೆ ನನ್ನ ಕೈ ತಿಳಿವಲ್ದು. ಕಲಸ್ರಿ ಅದಕ್ಕ."

ವಿಡಿಯೋ ಸೇರಿಸಿ ವರದಿ ಮತ್ತೆ ತೆರೆದೆ. 'ಫೋನುಗಳು ಹಳೆಯವು' ಎಂದು ಮತ್ತೆ ಮುಚ್ಚಿದ. ಮೂರನೇ ಸಲ ತೆರೆದು ಬರೆದೆ: 'ಹೀಗೇ ಬಿಡುಗಡೆ ಮಾಡುವುದಾದರೆ ಮಾಡಿ. ಆದರೆ ಕೀಲಿಮಣೆಯ ಪರಿಚಯದ ಪುಟದಿಂದ ಎಲ್ಲ ಕನ್ನಡಿಗರಿಗಾಗಿ ಎಂಬ ಸಾಲು ತೆಗೆಯಿರಿ. ಅಲ್ಲಿಯವರೆಗೆ ನೀವು ಎಷ್ಟು ಸಲ ಮುಚ್ಚುತ್ತೀರೋ ಅಷ್ಟು ಸಲ ತೆರೆಯುತ್ತೇನೆ.'

ಮೂರನೆಯ ದಿನ, ನಮ್ಮ ತಂಡದಲ್ಲಿ ಎಂದೂ ಮಾತಾಡದ ಒಬ್ಬ ಪ್ರೋಗ್ರಾಮರ್ ತನ್ನ ಬೆರಳಿಗೆ ಟೇಪು ಸುತ್ತಿಕೊಂಡು ಬರೆದು ನೋಡಿದ. ಅವನಿಗೂ 'ಬಬಾಳ' ಬಂತು. ಅದರ ಚಿತ್ರ ಹಾಕಿದ ಮೇಲೆ ವಾದ ಉಳಿಯಲಿಲ್ಲ. ಬಿಡುಗಡೆ ಒಂದು ವಾರ ಮುಂದೆ ಹೋಯಿತು. ಬೆರಳಿನ ಗುರುತು ಕ್ಷಣಕಾಲ ತಪ್ಪಿದರೆ ಕೀಲಿಮಣೆ ಕಾಯುವಂತೆ ಅವನೇ ತಿದ್ದಿದ. ಹೊಣೆ ಹೊತ್ತವನು 'ಸರಿಪಡಿಸಲಾಗಿದೆ' ಎಂದಷ್ಟೇ ಬರೆದ. ಕ್ಷಮೆ ಕೇಳಲಿಲ್ಲ.

ಇತ್ತ ನನ್ನ ಮನೆಯ ಮಾಲೀಕರು, ಸಂಘಕ್ಕೊಂದು ಕ್ಷಮಾಪಣೆ ಬರೆದುಕೊಟ್ಟು ಮುಗಿಸಿಬಿಡಿ ಎಂದರು. ನಾನು ಬರೆಯಲಿಲ್ಲ. ಅದರ ಬದಲು ಮುಂದಿನ ಭಾನುವಾರಕ್ಕೂ ಹಾಲ್ ಕೇಳಿ ಅರ್ಜಿ ಕೊಟ್ಟೆ. ಆ ದಿನ ಹೋದರೆ ಬೀಗ. ಎಲ್ಲರೂ ಕಾಣುವ ಹಾಗೆ ಎದುರಿನ ಬ್ಯಾಡ್ಮಿಂಟನ್ ಅಂಗಳದಲ್ಲಿ ಚಾಪೆ ಹಾಸಿದೆ. ಇಂಜಿನಿಯರುಗಳೂ ಬಂದರು, ಕಟ್ಟಡದವರೂ ಬಂದರು, ಹದಿನಾಲ್ಕು ಜನ. ಬಾಲ್ಕನಿಗಳಿಂದ ನೋಡುವವರು ನೋಡಿದರು. ಮೂರನೇ ಮಹಡಿಯ ಅಜ್ಜಿಯೊಬ್ಬರು ಕುಡಿಯುವ ನೀರು ಕಳಿಸಿದರು. ಯಾರೂ ನಮ್ಮನ್ನು ಎಬ್ಬಿಸಲಿಲ್ಲ.

ಅಕ್ಕ ತಿದ್ದಿದ ಕೀಲಿಮಣೆಯಲ್ಲಿ ಒಂದೊಂದೇ ಪದ ಒತ್ತಿ ನೋಡುತ್ತ ಹೋದರು. ಎಲ್ಲವೂ ಸರಿಯಾಗಿಯೇ ಬಂದವು. ಆಮೇಲೆ ಹುಬ್ಬು ಗಂಟಿಕ್ಕಿ ಫೋನನ್ನು ನನ್ನ ಮುಂದೆ ಹಿಡಿದರು.

"ಇಲ್ನೋಡ್ರಿ, ಅಳಸಿದ್ರ ಒತ್ತಕ್ಷರಾ ಅಷ್ಟ ಹೋಗೂದ ಬಿಟ್ಟು ಪೂರಾ ಶಬ್ದಾನೇ ಹೋಗಾಕತ್ತೈತಿ. ಬರಕೊಳ್ರಿ."

ಬರೆದುಕೊಂಡೆ.